ಮುಚ್ಚಳ ತೆಗೆಯದ ಲೆನ್ಸು

"ಈ ಡಬ್ಬ ಹಿಡ್ಕೊಂಡು ಇಲ್ಲಿಗೆ ಬಂದ್ಯಾ?" ಲೆಯಾಂದ್ರೋ ಕೇಳಿಯೇಬಿಟ್ಟ.

ಪಸ್ತೋರಾ ತನ್ನ ಕ್ಯಾಮೆರಾ ನೋಡಿಕೊಂಡಳು. ಸ್ಪೇನಿನ ಹೆರೆಸ್ ಊರಿನ ಸಾಂತಿಯಾಗೋ ಕೇರಿಯಲ್ಲಿ ಮದುವೆ, ಜ್ಞಾನಸ್ನಾನ, ಮಕ್ಕಳ ಮೊದಲ ಪರಮಪ್ರಸಾದ ಅಂತ ಫೋಟೋ ತೆಗೆದು ಬದುಕುವ ಹೆಂಗಸು. ಅವಳಲ್ಲಿದ್ದದ್ದು ಒಂದೇ ಲೆನ್ಸು, ಕ್ಯಾಮೆರಾದ ಜೊತೆಗೇ ಬಂದ ಐವತ್ತು ಮಿಲಿಮೀಟರಿನದು.

"ಇದೊಂದೇ ಇರೋದು ಸ್ವಾಮಿ. ಈ ಕತ್ತಲೆಗೆ ಯಾವುದು ಹಾಕ್ಬೇಕು ಅಂತೀರಿ?"

ಲೆಯಾಂದ್ರೋ ಚೀಲ ತೆರೆದ. ಹೇಳಿಕೊಡುವುದಕ್ಕಲ್ಲ, ತೋರಿಸುವುದಕ್ಕೆ. ಅಂಗೈ ಅಗಲದ ಗಾಜಿನ ಎಂಬತ್ತೈದರ ಲೆನ್ಸು, ಮಿಣುಕು ಬೆಳಕನ್ನೂ ಬಿಡದೆ ಎಳೆದುಕೊಳ್ಳುವಂಥದ್ದು. ದೂರದಿಂದಲೇ ಮುಖ ಹಿಡಿಯುವ ಉದ್ದನೆಯದು ಇನ್ನೊಂದು. ಸೆಕೆಂಡಿಗೆ ಐದು ಚಿತ್ರ ಹೊಡೆಯುವ ಮೋಟಾರು ಬೇರೆ.

"ಇಷ್ಟಿದ್ರೆ ಕುಣಿಯೋರ ಕೈಕಾಲು ನಿಲ್ಲುತ್ತೆ. ಇಲ್ದಿದ್ರೆ ನಿನಗೆ ಸಿಗೋದು ಬರೀ ಹೊಗೆ."

"ತಾಳ ಮುಗಿಯುವಾಗ ಅವರೇ ನಿಲ್ತಾರಲ್ಲ ಸ್ವಾಮಿ."

ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಎಂದುಕೊಂಡು ಅವನು ಚೀಲ ಮುಚ್ಚಿದ.

ಶನಿವಾರ ಕೇರಿಯ ಹಳೆಯ ನರ್ತಕಿ ತೋಮಾಸಾ ಕುಣಿಯಲಿದ್ದಳು. ಎಪ್ಪತ್ತೆರಡರ ವಯಸ್ಸಿನಲ್ಲಿ, ಕೊನೆಯ ಸಲ. ಒಳಗೆ ಬಿಡುವುದು ಒಂದೇ ಕ್ಯಾಮೆರಾ; ಯಾರದ್ದೆಂದು ಆರಿಸಲು ಅವಳು ಇವತ್ತು ಇಬ್ಬರನ್ನೂ ಕರೆಸಿದ್ದಳು. ಅವಳು ಕೇರಿಯ ಹೊರಗೆ ಕುಣಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಯಾಕೆಂದು ಕೇರಿಯವರು ಹೊರಗಿನವರಿಗೆ ಬಾಯಿ ಬಿಡುವವರಲ್ಲ. ಹದಿನೈದು ವರ್ಷ ಸುತ್ತಿ ಸ್ಪೇನಿನ ನರ್ತಕಿಯರನ್ನೆಲ್ಲ ಸೆರೆಹಿಡಿದ ಲೆಯಾಂದ್ರೋನ ಪುಸ್ತಕದಲ್ಲಿ ಖಾಲಿ ಉಳಿದದ್ದು ಅವಳ ಪುಟ ಮಾತ್ರ. ಅದಿಲ್ಲದಿದ್ದರೆ ಪುಸ್ತಕವೇ ಬೇಡ ಎಂದಿದ್ದ ಪ್ರಕಾಶಕ. ಅಂಥದ್ದಕ್ಕೆ ಈ ಜ್ಞಾನಸ್ನಾನದ ಫೋಟೋದವಳ ಜೊತೆ ಪರೀಕ್ಷೆ! ಅವನಿಗೆ ಮೈ ಉರಿಯುತ್ತಿತ್ತು.

ಅವರಿಬ್ಬರೂ ಕಾಯುತ್ತಿದ್ದ ಜಾಗ ಹಳೆಯ ದ್ರಾಕ್ಷಾರಸದ ಉಗ್ರಾಣ. ಹೊರಗೆ ಸುಡು ಮಧ್ಯಾಹ್ನ, ಒಳಗೆ ಒಂದೇ ಬಲ್ಬು. ತೋಮಾಸಾ ಮಗಳ ತೋಳು ಹಿಡಿದು ರಾಣಿಯ ಹಾಗೆ ನಿಧಾನವಾಗಿ ಬಂದು, ಪೀಪಾಯಿಗಳ ಪಕ್ಕದ ಮೇಜಿನ ಮುಂದೆ ಕೂತಳು. ಲೆಯಾಂದ್ರೋ ತನ್ನ ಆಲ್ಬಮ್ಮನ್ನು ಅವಳ ಕೈಗಿತ್ತ. ಅವಳು ಅದನ್ನು ತಲೆಕೆಳಗಾಗಿ ಹಿಡಿದು ಹಾಳೆ ಸವರಿದಳು.

"ಒಳ್ಳೇ ಕಾಗದ," ಎಂದಳು.

ಕೋಣನ ಮುಂದೆ ಕಿನ್ನರಿ! ಆದರೂ ಅವನು ಹಲ್ಲು ಕಿರಿದ. "ಇನ್ನೊಂದು ಬಲ್ಬು ಹಾಕಿಸಿದ್ರೆ ಚೆನ್ನಾಗಿತ್ತು ಅಜ್ಜಿ."

"ನನಗೆ ಇಷ್ಟು ಸಾಕಪ್ಪ. ಇಬ್ಬರೂ ಕೇಳಿ, ಇವತ್ತು ನನಗೆ ಫೋಟೋ ಬೇಡ. ಸುಮ್ನೆ ತೆಗೀತಾ ಇರಿ."

ಫೋಟೋ ಬೇಡವಂತೆ, ತೆಗೆಯಬೇಕಂತೆ. ಮುದುಕಿಗೆ ಅರಳುಮರಳು ಎಂದುಕೊಂಡ ಲೆಯಾಂದ್ರೋ.

ಮಗಳು ಕುಣಿಯುವ ಹಲಗೆ ಹತ್ತಿದಳು. ಗಿಟಾರು ಶುರುವಾಯಿತು. ತೋಮಾಸಾ ಕುಣಿಯುವವಳಿಗೆ ಬೆನ್ನು ಹಾಕಿಯೇ ಕೂತು, ಕೇರಿಯವರ ರೂಢಿಯಂತೆ, ಬೆರಳ ಗೆಣ್ಣುಗಳಿಂದ ಮೇಜಿನ ಮೇಲೆ ತಾಳ ಕುಟ್ಟತೊಡಗಿದಳು. ಪರೀಕ್ಷೆ ಮಾಡುವವಳೇ ನೋಡುತ್ತಿಲ್ಲ!

ಲೆಯಾಂದ್ರೋ ಮೋಟಾರು ಬಿಟ್ಟ. ಕರ್‌ರ್, ಕರ್‌ರ್. ಲಂಗ ಸುತ್ತಿದಾಗ ಐದು, ಕೈ ಎತ್ತಿದಾಗ ಹತ್ತು. ಗಿಟಾರು ಸುಮ್ಮನಾಗಿ ಹಲಗೆಯ ಮೇಲೆ ಅವಳ ಹಿಮ್ಮಡಿಯೊಂದೇ ಮೆಲ್ಲಗೆ ನುಡಿಯುತ್ತಿದ್ದಾಗಲೂ ಅವನ ಕ್ಯಾಮೆರಾ ಬಾಯಿ ಮುಚ್ಚಲಿಲ್ಲ. ಕುಣಿಯುತ್ತಿದ್ದವಳು ಹೆಜ್ಜೆ ತಪ್ಪಿ ಅವನತ್ತ ಹುಬ್ಬು ಗಂಟಿಕ್ಕಿದಳು. ಅದನ್ನೂ ಅವನು ಹಿಡಿದುಕೊಂಡ. ಎರಡು ರೋಲು ಮುಗಿದವು.

ಪಸ್ತೋರಾ ಒತ್ತಿದ್ದು ಏಳೇ ಸಲ, ತಾಳ ಬಂದು ನಿಂತಾಗ ಮಾತ್ರ. ಅವಳೂ ಕಾಲಲ್ಲಿ ತಾಳ ಹಾಕುತ್ತಾ, ಅರ್ಧ ಕಣ್ಣು ಮುಚ್ಚಿ ನಿಂತಿದ್ದಳು. ಲೆಯಾಂದ್ರೋ ಅತ್ತ ತಿರುಗಿದವನು ನಗು ತಡೆದುಕೊಂಡ. ಪೆದ್ದಿ ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಹೇಳಬಹುದಿತ್ತು. ಹೇಳಲಿಲ್ಲ.

ಕುಣಿತ ಮುಗಿಯಿತು. ತೋಮಾಸಾ ಕೈ ಒರೆಸಿಕೊಂಡಳು.

"ಶನಿವಾರ ಪಸ್ತೋರಾ ಬರ್ಲಿ."

"ನಾನಾ ಅತ್ತೆ?" ಎಂದಳು ಪಸ್ತೋರಾ, ಕೇರಿಯವರೆಲ್ಲ ತೋಮಾಸಾಳನ್ನು ಕರೆಯುವ ಹಾಗೆ.

ಲೆಯಾಂದ್ರೋನ ಮುಖಕ್ಕೆ ರಕ್ತ ನುಗ್ಗಿತು. ಹದಿನೈದು ವರ್ಷದ ದುಡಿಮೆ ಕಣ್ಣೆದುರೇ ಮುಳುಗುತ್ತಿತ್ತು. "ಒಂದ್ ಚಿತ್ರಾನಾದ್ರೂ ನೋಡಿದ್ರಾ? ಇವಳು ಲೆನ್ಸಿನ ಮುಚ್ಚಳಾನೇ ತೆಗ್ದಿಲ್ಲ! ಇವಳ ರೋಲಲ್ಲಿ ಇರೋದು ಬರೀ ಕತ್ತಲೆ!"

"ಫೋಟೋ ಬೇಡ ಅಂದಿದ್ರಲ್ಲ ಸ್ವಾಮಿ," ಎಂದಳು ಪಸ್ತೋರಾ. "ರೋಲೇ ಹಾಕಿಲ್ಲ, ಸುಮ್ನೆ ಯಾಕೆ ಹಾಳು ಮಾಡ್ಲಿ?"

"ಮುಚ್ಚಳ ಕಾಣ್ಲಿಲ್ವಾ ಅಜ್ಜಿ? ಕಣ್ಣಿಲ್ವಾ ನಿಮಗೆ?"

ಗಿಟಾರಿನವನು ಎದ್ದು ನಿಂತ. ಕೂತ್ಕೋ ಎಂದು ತೋಮಾಸಾ ಕೈ ಸನ್ನೆ ಮಾಡಿದಳು. ಲೆಯಾಂದ್ರೋನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಅವಳ ದೃಷ್ಟಿ ಅವನಿಂದ ಒಂದು ಮೊಳ ಆಚೆಗೆ ನಿಂತಿತು.

"ಇಲ್ಲಪ್ಪ, ಕಣ್ಣು ಹೋಗಿ ಹನ್ನೊಂದು ವರ್ಷ ಆಯ್ತು. ಸದ್ದು ಹಿಡ್ಕೊಂಡೇ ನಾನು ಹಲಗೆ ಮೇಲೆ ಹೆಜ್ಜೆ ಇಡೋದು. ನಿನ್ನ ಮೋಟಾರಿನ ಹಿಂದೆ ಹೋದ್ರೆ ಶನಿವಾರ ಬಿದ್ದು ಸೊಂಟ ಮುರ್ಕೋತೀನಿ."