ಕಚ್ಚಿಕೊಂಡ ಪಂಖ

ಎಷ್ಟು ಬಾರಿಸಿದರೂ ದೋಣಿಯನ್ನು ಮುಂದೂಡುವ ಪಂಖ ಜಪ್ಪಯ್ಯ ಅನ್ನಲಿಲ್ಲ. ಮಕಾಮೆ ಮೇಸ್ತ್ರಿ ಒದ್ದೆ ಮರಳಲ್ಲಿ ಮಂಡಿಯೂರಿ ಮತ್ತೆ ಸುತ್ತಿಗೆ ಎತ್ತಿದ. ಮೊನ್ನೆ ಹವಳದ ಬಂಡೆಗೆ ತಾಗಿ ಒಂದು ಎಸಳು ಮುರಿದಿದ್ದ ಆ ಕಂಚಿನ ಪಂಖ, ವರ್ಷಗಟ್ಟಲೆ ಉಪ್ಪುನೀರು ಕುಡಿದು ಎಂಜಿನ್ನಿನ ಶಾಫ್ಟಿಗೆ ಕಚ್ಚಿಕೊಂಡುಬಿಟ್ಟಿತ್ತು. ಪಕ್ಕದಲ್ಲಿ ಗೋಣಿಯ ಮೇಲೆ ಬೇರೊಂದು ಪಂಖ ಸಿದ್ಧವಾಗಿತ್ತು. ಹಳೆಯದು ಬಿಟ್ಟುಕೊಟ್ಟರೆ ತಾನೆ!

ಇಳಿತದ ಹೊತ್ತು. ದೋಣಿ ಊರುಗೋಲುಗಳ ಆಸರೆಯಲ್ಲಿ ಮರಳ ಮೇಲೆ ನಿಂತಿತ್ತು. ನೀರು ಮರಳಿ ಬರುವುದರೊಳಗೆ ಪಂಖ ಬದಲಾಗದಿದ್ದರೆ ಮುಂದಿನ ಇಳಿತದವರೆಗೆ ಕೈಕಟ್ಟಿ ಕೂರಬೇಕು. ಅಷ್ಟು ಹೊತ್ತು ಹಮಾದಿ ತಡೆಯುವ ಹಾಗಿರಲಿಲ್ಲ. ಹಮಾದಿ ಮೇಸ್ತ್ರಿಯ ಒಬ್ಬನೇ ಮಗ. ನಿನ್ನೆ ಮೀನಿಗೆ ಹೋದವನು ಮರಳಿರಲಿಲ್ಲ. ಹವಳದ ದಿಬ್ಬದಾಚೆ ಮಗುಚಿದ ದೋಣಿಯನ್ನು ತಬ್ಬಿಕೊಂಡು ಕೈ ಬೀಸುತ್ತಿದ್ದನಂತೆ. ಬೆಳಿಗ್ಗೆ ಕಂಡ ಹಾಯಿದೋಣಿಯವರಿಗೆ ಗಾಳಿ ಹತ್ತಿರ ಹೋಗಗೊಡಲಿಲ್ಲವಂತೆ. ಈ ದಕ್ಷಿಣದ ಗಾಳಿಗೆ ಎದುರಾಗಿ ಹೋಗುವುದು ಎಂಜಿನ್ ದೋಣಿಗೆ ಮಾತ್ರ ಸಾಧ್ಯ. ದ್ವೀಪದಲ್ಲಿದ್ದದ್ದು ಪಕ್ಕದಲ್ಲೇ ನಿಂತಿದ್ದ ಫಾಕಿಯ ಇದೊಂದೇ.

"ಕಾಯಿಸ್ಲೇಬೇಕು ಕಣೋ ಫಾಕಿ. ಕಾದ್ರೆ ಹಿಗ್ಗುತ್ತೆ, ಬಿಡುತ್ತೆ," ಅಂದ ಮೇಸ್ತ್ರಿ.

"ತಲೆ ನೆಟ್ಟಗಿದ್ಯಾ ನಿಂಗೆ? ನಿನ್ನೆ ತಾನೆ ದೋಣಿ ಮೈಗೆಲ್ಲ ಶಾರ್ಕ್ ಎಣ್ಣೆ ಬಳ್ದಿದೀನಿ. ಬೀಡಿ ಹಚ್ಚೋಕೂ ದೂರ ಹೋಗ್ತಿದೀನಿ ನಾನು!"

"ಒದ್ದೆ ಗೋಣಿ ಹೊದಿಸ್ತೀನಿ."

"ಹೊದ್ಸಪ್ಪ, ಹೊದ್ಸು. ಹೆಣಕ್ಕೆ ಹೊದಿಸ್ದಂಗೆ..."

ಫಾಕಿ ನಾಲಿಗೆ ಕಚ್ಚಿಕೊಂಡ. ಆಡಿದ ಮಾತು ಆಡಿಹೋಗಿತ್ತು. ತಾನೇ ಹೋಗಿ ಸೀಮೆಎಣ್ಣೆಯಿಂದ ಉರಿ ಚಿಮ್ಮಿಸುವ ಬ್ಲೋಲ್ಯಾಂಪ್ ತಂದು, ತಾನೇ ಗೋಣಿಗಳನ್ನು ನೀರಲ್ಲಿ ಅದ್ದಿ ಹಲಗೆಗಳ ಮೇಲೆ ಹೊದಿಸಿದ.

ಬಿಟ್ಟ ಪಂಖ ಎದೆಗೆ ಹಾರದಿರಲೆಂದು ನಟ್ಟನ್ನು ಪೂರ್ತಿ ತೆಗೆಯದೆ, ಸಡಿಲಿಸಿ ತುದಿಯಲ್ಲಿ ಬಿಟ್ಟು, ಬಿಸ್ಮಿಲ್ಲಾ ಎಂದು ಮೇಸ್ತ್ರಿ ಪಂಖದ ಬುಡಕ್ಕೆ ಉರಿ ಹಿಡಿದ. ಹಲಗೆಗಳೇನೋ ಗೋಣಿಯಡಿ ತಣ್ಣಗಿದ್ದವು. ಆದರೆ ಅವುಗಳ ಸಂದಿಗಳಿಗೆ ಹತ್ತಿ ತುರುಕಿ ಅದಕ್ಕೂ ಅದೇ ಎಣ್ಣೆ ಕುಡಿಸುವುದು ಆ ಕಡೆಯ ರೂಢಿ. ಜೀವಮಾನವಿಡೀ ಆ ಹತ್ತಿ ತುರುಕಿದವನಿಗೆ ಆ ಗಳಿಗೆಯಲ್ಲಿ ಅದೊಂದು ನೆನಪಾಗಲಿಲ್ಲ. ಶಾಫ್ಟಿನ ಬದಿಯ ಸಂದಿಯಿಂದ ಬೆಂಕಿ ಲಾಟೀನಿನ ಬತ್ತಿಯಲ್ಲಿ ಏರುವಂತೆ ಒಳಗೆ ಏರಿತು.

"ಹೊಗೆ! ಒಳಗಿಂದ ಹೊಗೆ ಬರ್ತಿದೆ!" ಫಾಕಿ ಬಕೆಟ್ ಎತ್ತಿದ.

"ಸುರೀಬೇಡ! ನೀರು ಸೀದಾ ಪಂಖದ ಮೇಲೇ ಇಳಿಯುತ್ತೆ. ತಣ್ಣಗಾದ್ರೆ ಮತ್ತೆ ಕಚ್ಚುತ್ತೆ. ಒಂದೇ ಒಂದು ಏಟು, ತಡಿ!"

"ನನ್ನ ದೋಣಿ ಕಣೋ ಅದು!"

"ನನ್ನ ಮಗ ಕಣೋ."

ಫಾಕಿಯ ಕೈ ಬಕೆಟ್ ಹಿಡಿದು ಹಾಗೇ ನಿಂತಿತು. ಒಂದೇ ಏಟು ಅಂದವನು ಹುಚ್ಚು ಹಿಡಿದವನಂತೆ ಬಾರಿಸುತ್ತಲೇ ಹೋದ. ಕೊನೆಗೆ ಢಂ ಎಂದು ಪಂಖ ಕಿತ್ತು ಬಂದು ನಟ್ಟಿಗೆ ಬಡಿಯಿತು. ಮೇಸ್ತ್ರಿ ಅಳುತ್ತ ನಗುತ್ತಿದ್ದ. ಫಾಕಿ ನೀರು ಸುರಿದ, ದೋಣಿಯೊಳಗೆ ಏರಿ ಮರಳು ಎರಚಿದ. ಬೆಂಕಿ ಆರಿತು.

ಹೊಗೆ ಚದುರಿದ ಮೇಲೆ ಫಾಕಿ ಬಗ್ಗಿ ನೋಡಿದ. ಹಿಂಬದಿಯ ಹಲಗೆಗಳು ಇದ್ದಿಲಾಗಿದ್ದವು. ಹತ್ತಿ ಉರಿದುಹೋದ ಸಂದಿಗಳಲ್ಲಿ ಕೆಳಗೆ ಕೂತ ಮೇಸ್ತ್ರಿಯ ಬೋಳುತಲೆ ಕಾಣುತ್ತಿತ್ತು. ಹಲಗೆ ಬದಲಿಸದೆ ದೋಣಿ ತೇಲುವ ಮಾತೇ ಇರಲಿಲ್ಲ. ಅವನು ಇಳಿದು ಬರುವಷ್ಟರಲ್ಲಿ ನೀರು ಮೇಸ್ತ್ರಿಯ ಮೊಣಕಾಲಿಗೆ ಬಂದಿತ್ತು. ಮೇಸ್ತ್ರಿ ಆಗಲೇ ಹೊಸ ಪಂಖ ತೂರಿಸಿ ನಟ್ಟು ತಿರುಗಿಸುತ್ತಿದ್ದ.

"ಮೇಸ್ತ್ರೀ..."

"ಪಂಖ ಅಲ್ಲಾಡ್ದಂಗೆ ಹಿಡ್ಕೋ."

ಫಾಕಿ ಹಿಡಿದುಕೊಂಡ. ಮೇಸ್ತ್ರಿಯ ಹೆಂಡತಿ ಕಿಜಾ ಕುಡಿಯುವ ನೀರಿನ ಕ್ಯಾನು, ಬೇಯಿಸಿದ ಮರಗೆಣಸಿನ ಗಂಟು ಹೊತ್ತು ನೀರಲ್ಲೇ ಬಂದಳು.

"ಹೊಸದು ಕೂತಿತಾ?"

"ಕೂತಿತು," ಅಂದ ಮೇಸ್ತ್ರಿ, ತಲೆ ಎತ್ತದೆ.

"ಮತ್ತಿನ್ನೇನು ನೋಡ್ತಾ ಇದೀರಿ? ಹೊರಡಿ. ಅವನಿಗೆ ಬಾಯಾರಿರುತ್ತೆ."

ಸಮುದ್ರ ಸುಟ್ಟ ಸಂದಿಗಳಲ್ಲಿ ಗುಳುಗುಳು ಸದ್ದು ಮಾಡುತ್ತ ದೋಣಿಯ ಒಳಕ್ಕೆ ಹೋಗುತ್ತಿತ್ತು. ಮೇಸ್ತ್ರಿ ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದ.