ಗಂಟಲಪ್ಪನ ಪಿಸುಮಾತು

ಕೋರ್ಟಿನ ಪಡಸಾಲೆಯ ಕಂಬದ ಮರೆಯಲ್ಲಿ ಗಂಟಲಪ್ಪ ಕೊಡೆ ರಿಪೇರಿಯವನೊಬ್ಬನ ಕಿವಿಗೆ ಬಾಯಿಟ್ಟು, "ನಿಮ್ಮ ಕೇಸು ಬಂತು, ಎರಡನೇ ಕೋಣೆ, ಬೇಗ ಹೋಗಿ" ಎಂದು ಪಿಸುಗುಟ್ಟಿ ತಿರುಗಿದರೆ, ಎದುರಿಗೇ ಮಗಳು! ಕೈಯಲ್ಲಿ ಫೈಲು, ಕೊರಳಲ್ಲಿ ಗುರುತಿನ ಚೀಟಿ, ಹುಬ್ಬು ಗಂಟು. ಅಂಗೈಯಲ್ಲಿದ್ದ ಕೇಸುಗಳ ಪಟ್ಟಿಯನ್ನು ಜೇಬಿಗೆ ತುರುಕಿ, "ನಮಸ್ಕಾರ ಮೇಡಂ" ಎಂದ. ಬೆಳಿಗ್ಗೆ ತಾನೇ ಅವಳಿಗೆ ಊಟದ ಡಬ್ಬಿ ಕಟ್ಟಿಕೊಟ್ಟಿದ್ದವನು ಈ ಭೂಪನೇ.

ಗಂಟಲಪ್ಪ ಎಂಬುದು ವಕೀಲರು ಇಟ್ಟ ಹೆಸರು. ಮೂವತ್ತು ವರ್ಷದಿಂದ ಇದೇ ಪಡಸಾಲೆಯಲ್ಲಿ ಕಕ್ಷಿದಾರರ ಹೆಸರು ಕೂಗಿದ ಜವಾನ ಅವನು. ಕೂಗಿದರೆ ಗೇಟಿನಾಚೆ ಚಹಾ ಕುಡಿಯುವವನ ಲೋಟ ಅಲುಗಬೇಕು, ಅಂಥ ಗಂಟಲು. ಒಬ್ಬೊಬ್ಬರನ್ನು ಮೂರು ಸಲ ಕೂಗುವುದು ಪದ್ಧತಿ. ಮೂರನೆಯದಕ್ಕೂ ಬಾರದಿದ್ದರೆ ಗೈರುಹಾಜರಿ, ಕೇಸು ಗೋವಿಂದ. ಅಭ್ಯಾಸಬಲ ನೋಡಿ, ಬೀದಿಯಲ್ಲಿ ಆಡುತ್ತಿದ್ದ ಮಗಳನ್ನು ಊಟಕ್ಕೆ ಕರೆಯುವಾಗಲೂ ಮೂರೇ ಸಲ. ಆ ಪೋರಿ ಮೊದಲ ಎರಡಕ್ಕೆ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಮೂರನೆಯದಕ್ಕೆ ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಿದ್ದಳು. ಅದೇ ಪೋರಿ ಈಗ ಕೋರ್ಟುಗಳ ಕೆಲಸ ಹೇಗೆ ನಡೆದಿದೆ ಎಂದು ನೋಡಿ ಸುಧಾರಿಸುವ ಅಧಿಕಾರಿ. ಮೂರು ತಿಂಗಳ ಹಿಂದೆ ಗೋಡೆಗೆ ಟಿವಿಯಂಥ ಪರದೆ ಹಾಕಿಸಿ, ಯಾರ ಸರದಿ ಎಂಬುದು ಅದರಲ್ಲೇ ಮೂಡುವಂತೆ ಮಾಡಿ, "ಇನ್ನು ಮುಂದೆ ಹೆಸರು ಕೂಗತಕ್ಕದ್ದಲ್ಲ" ಎಂಬ ಆರ್ಡರಿಗೆ ಸಹಿ ಹಾಕಿದವಳೂ ಅವಳೇ.

"ಹನ್ನೆರಡು ಕೋರ್ಟಲ್ಲೂ ಒಂದೇ ಥರದ ಪರದೆ ಹಾಕ್ಸಿದೀನಿ" ಎಂದಳು ಮಗಳು. "ಬೇರೆ ಕಡೆ ನೂರಕ್ಕೆ ಅರವತ್ತು ಜನ ಹೊತ್ತಿಗೆ ಸರಿಯಾಗಿ ಹಾಜರಾದ್ರೆ ಹೆಚ್ಚು. ಇಲ್ಲಿ ಮಾತ್ರ ತೊಂಬತ್ತೆಂಟು. ಏನಪ್ಪಾ ಗುಟ್ಟು ಅಂತ ನೋಡೋಕೆ ಬಂದೆ."

"ಪರದೆ ಬಹಳ ಚೆನ್ನಾಗಿದೆ ಮೇಡಂ."

"ಕೂಗಬಾರದು ಅಂತ ಆರ್ಡರ್ ಬಂದಿದೆ ತಾನೇ ನಿಮಗೆ?"

"ನಾನೆಲ್ಲಿ ಕೂಗಿದೆ? ಪಿಸುಗುಟ್ಟಬಾರದು ಅಂತ ಅದರಲ್ಲಿಲ್ಲ. ಕನ್ನಡಕ ಹಾಕ್ಕೊಂಡೇ ಓದಿದೀನಿ."

ಮಗಳಿಗೆ ನಗು ಒತ್ತರಿಸಿ ಬಂತು. ತುಟಿ ಕಚ್ಚಿ ತಡೆದುಕೊಂಡಳು. "ಇನ್ನು ಹತ್ತು ನಿಮಿಷಕ್ಕೆ ದೊಡ್ಡ ಜಡ್ಜರ ಮುಂದೆ ವರದಿ ಇಡಬೇಕು. ಈ ತೊಂಬತ್ತೆಂಟನ್ನ ನೋಡೇ ಇನ್ನೂ ನಲವತ್ತು ಕೋರ್ಟಿಗೆ ಪರದೆ ಹಾಕ್ಸೋಣ ಅಂತಿದಾರೆ. ಈಗ ನಾನು ಏನಂತ ಹೇಳ್ಲಿ?"

ಗಂಟಲಪ್ಪ ಪೆಚ್ಚಾದ. ಮಗಳಿಗೆ ಒಳ್ಳೇ ಹೆಸರು ಬರಲಿ ಎಂದು ಮಾಡಿದ್ದು ಅವಳ ಕಾಲಿಗೇ ತೊಡರಿಕೊಂಡಿತಲ್ಲ! "ಏನೂ ಹೇಳ್ಬೇಡ ಮಗಾ, ಸುಮ್ಮನಿದ್ದುಬಿಡು" ಎಂದ. ಪಡಸಾಲೆಯಲ್ಲಿ ಅವಳನ್ನು ಮಗಾ ಎಂದದ್ದು ಅದೇ ಮೊದಲು. "ಕೆಲವರಿಗೆ ಓದೋಕೆ ಬರಲ್ಲ, ಕೆಲವರಿಗೆ ಕಣ್ಣು ಮಂಜು. ಓದು ಬಂದವರೂ ಅಷ್ಟೇ, ಕೋರ್ಟಿನ ಗಾಬರೀಲಿ ತಮ್ಮ ಹೆಸರನ್ನೇ ಗುರುತು ಹಿಡಿಯಲ್ಲ. ಮೊದಲನೇ ದಿನವೇ ಹನ್ನೊಂದು ಜನ ಪರದೆ ಕೆಳಗೇ ಕೂತು ಗೈರುಹಾಜರಾದ್ರು. ನೀನು ಅಷ್ಟು ಒದ್ದಾಡಿ ಮಾಡಿಸಿದ್ದು, ಸೋಲಬಾರದು ಅಂತ..."

ಮಗಳು ಫೈಲನ್ನು ಕಂಬಕ್ಕೆ ಒತ್ತಿ ಹಿಡಿದು, ಟೈಪು ಮಾಡಿದ್ದ ಒಂದು ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಸರನೆ ಬರೆದು ಅಪ್ಪನ ಮುಂದೆ ಹಿಡಿದಳು. ಗಂಟಲಪ್ಪ ಕನ್ನಡಕ ಏರಿಸಿ ಓದಿದ: ‘ಪ್ರತಿ ಕೋರ್ಟಿಗೆ ಬೇಕಾದದ್ದು: ಪರದೆ ಒಂದು, ಹೆಸರು ಕೂಗುವ ಜವಾನ ಒಬ್ಬ. ಕೂಗಬಾರದೆಂಬ ಆರ್ಡರನ್ನು ಹಿಂದಕ್ಕೆ ಪಡೆಯಲಾಗಿದೆ.’

"ನಿನ್ನದೇ ತಪ್ಪು ಅಂತ ಒಪ್ಪಿಕೊಂಡ ಹಾಗಾಗಲ್ವೇನೇ?"

"ಅರ್ಧ ತಪ್ಪು. ಇನ್ನರ್ಧ ನೀನು ಸರಿ ಮಾಡಿದೀಯಲ್ಲ. ಬೇರೆ ಕೋರ್ಟಿನ ಜವಾನರಿಗೂ ನೀನೇ ಹೇಳಿಕೊಡ್ಬೇಕು ಅಪ್ಪ, ತಪ್ಪಿಸ್ಕೊಳ್ಳೋ ಹಾಗಿಲ್ಲ."

ಗಂಟಲಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಬಾಗಿಲು ತೆರೆದು ಶಿರಸ್ತೇದಾರರು ಇಣುಕಿದರು. "ಸುಧಾರಣಾಧಿಕಾರಿಗಳನ್ನ ಕರೀರಿ, ಸಾಹೇಬರು ಕೇಳ್ತಿದಾರೆ."

ಸುಧಾರಣಾಧಿಕಾರಿ ಒಂದು ಮಾರು ದೂರದಲ್ಲೇ ನಿಂತಿದ್ದಳು. ಅಪ್ಪನ ಕಡೆ ನೋಡಿ, "ಕೂಗು" ಎಂದಳು.

ಗಂಟಲಪ್ಪ ಟೋಪಿ ಸರಿಮಾಡಿಕೊಂಡ. ಕೆಮ್ಮಿ, ಮೂರು ತಿಂಗಳಿಂದ ಕಟ್ಟಿಕೊಂಡಿದ್ದ ಗಂಟಲನ್ನು ಬಿಡಿಸಿ ಕೂಗಿದ. ಪರದೆ ನೋಡುತ್ತ ಕೂತಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಗೇಟಿನ ಹತ್ತಿರದ ಚಹಾದವನು ಕೈಯೆತ್ತಿ ಬೀಸಿದ. ಎರಡನೆಯ ಸಲ ಕೂಗಿದ. "ಇಲ್ಲೇ ಇದಾರಲ್ರೀ!" ಎಂದರು ಶಿರಸ್ತೇದಾರರು ಕಿವಿ ಮುಚ್ಚಿಕೊಂಡು.

ಮಗಳು ಮಾತ್ರ ಕದಲಲಿಲ್ಲ. ಫೈಲನ್ನು ಎದೆಗೆ ಅವಚಿಕೊಂಡು, ಬಾಯಿತುಂಬ ನಗುತ್ತ, ಮೂರನೆಯದಕ್ಕೆ ಕಾಯುತ್ತಿದ್ದಳು.