ಸುಮ್ಮನಾದ ಕಾಲು

ಗಂಡ ಪೀರಪ್ಪನ ನರಳಾಟ ನಿಂತದ್ದೇ ಮೋನಮ್ಮನಿಗೆ ಹೆದರಿಕೆಯಾಯಿತು. ಮುರಿದ ಕಾಲಿಗೆ ಆಪರೇಷನ್ ಮಾಡಿ, ಎಲುಬಿಗೆ ಉಕ್ಕಿನ ಪಟ್ಟಿ ಕೂರಿಸಿ ಆರು ದಿನವಾಗಿತ್ತು. ನೋವು ತಗ್ಗಲೆಂದು ತಾಂಡೂರಿನ ಆಸ್ಪತ್ರೆಯ ಡಾಕ್ಟರು ಈಗಷ್ಟೇ ಅವನ ಎಡಗೈಗೆ ಕೂದಲಿನಂಥ ನಾಲ್ಕು ಅಕ್ಯುಪಂಕ್ಚರ್ ಸೂಜಿ ಚುಚ್ಚಿದ್ದರು.

"ಸೂಜ್ಯಾಗ ಔಷಧ ಇಲ್ಲ. ನೋವು ಕಾಲಾಗ, ಚುಚ್ಚಿದ್ದು ಕೈಗೆ. ಖರೆ ಹೇಳ್ರಿ ಸಾಬ, ಕಾಲು ಸತ್ತದೇನ್ರಿ? ಕಾಲು ಮುರದ ಕುರಿ ಒದರೂದು ಬಿಟ್ಟರ, ಕಾಲು ಕೊಳತದ ಅಂತ ನಾವು ತಿಳಕೋತೀವಿ" ಎಂದಳು ಮೋನಮ್ಮ.

"ಕಾಲು ಜೀವಂತ ಅದಮ್ಮಾ. ನೋವಷ್ಟ ಕಡಮಿ ಆಗ್ಯದ" ಎಂದರು ಡಾಕ್ಟರು.

ಮೋನಮ್ಮ ನಂಬಲಿಲ್ಲ. ಕಟ್ಟಿನಿಂದ ಹೊರಗಿದ್ದ ಹೆಬ್ಬೆರಳನ್ನು ಉಗುರೂರಿ ಚಿವುಟಿದಳು. ಪೀರಪ್ಪ ಕಾಲನ್ನು ಸರಕ್ಕನೆ ಎಳೆದುಕೊಂಡ.

"ನಾ ಏನ್ ಕುರಿ ಏನ ನಿನಗ?"

ಮೋನಮ್ಮ ಡಾಕ್ಟರತ್ತ ತಿರುಗಿದಳು. "ಬಲಗೈಗೂ ನಾಕು ಸೂಜಿ ಹಾಕ್ರಿ."